ಚೆಂಡು ಒಗೆದ ಪಾಠ

ಬೋಧನಾಭ್ಯಾಸದ ಮೂರನೆಯ ವಾರ. ನಗರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಆರನೆಯ ತರಗತಿ, ಇಂಗ್ಲಿಷ್, ಮಧ್ಯಾಹ್ನದ ಬಿಸಿಯೂಟದ ನಂತರದ ಅವಧಿ. ಆ ಅವಧಿಯ ಕಷ್ಟ ಬೋಧನಾಭ್ಯಾಸಕ್ಕೆ ಹೋದವರಿಗೆಲ್ಲ ಗೊತ್ತು. ಮಕ್ಕಳು ತೂಕಡಿಸಬಾರದು ಎಂದು ಕ್ರಿಯಾಪದಗಳನ್ನು ಮಾಡಿ ತೋರಿಸುವ ಪಾಠವನ್ನೇ ಯೋಜಿಸಿದ್ದೆ. ಕ್ಯಾಚ್, ಕಿಕ್, ರೋಲ್, ಥ್ರೋ. ಒಂದು ಹಳೆಯ ಟೆನಿಸ್ ಚೆಂಡು, ನಾಲ್ಕು ಮಿಂಚುಪಟ್ಟಿ, ಕರಿಹಲಗೆ, ಬೋಧನೋಪಕರಣ ಅಷ್ಟೇ. ಹಿಂದಿನ ಬೆಂಚಿನಲ್ಲಿ ವೀಕ್ಷಣೆಗೆ ನಮ್ಮ ಉಪನ್ಯಾಸಕರು ಮತ್ತು ಇಬ್ಬರು ಸಹಪಾಠಿಗಳು ಕುಳಿತಿದ್ದರು.

ಚೆಂಡನ್ನು ಕಿಟಕಿಯ ಬಳಿ ನಿಂತಿದ್ದ ಹುಡುಗನ ಕಡೆಗೆ ಎಸೆದು, ನಾನು ಏನು ಮಾಡಿದೆ ಎಂದು ಕೇಳಿದೆ.

"ಬಿಸಾಡಿದ್ದು ಟೀಚರ್!" ಇಡೀ ತರಗತಿ ಒಟ್ಟಿಗೆ ಕೂಗಿತು.

ಪಾಠಯೋಜನೆಯ 'ನಿರೀಕ್ಷಿತ ಉತ್ತರ' ಎಂಬ ಕಲಮಿನಲ್ಲಿ ನಾನು ಬರೆದದ್ದು 'ಎಸೆದಿರಿ'. ಹಾಗಾಗಿ ಅದನ್ನೇ ಹೇಳಿಸಿದೆ. ಕರಿಹಲಗೆಯ ಮೇಲೆ ಥ್ರೋ, ಸಮಚಿಹ್ನೆ, ಎಸೆ ಎಂದು ಬರೆದೆ. ಆಗ ಎರಡನೆಯ ಸಾಲಿನಿಂದ ಒಂದು ಕೈ ಮೇಲೆ ಬಂತು. ಆ ವರ್ಷವಷ್ಟೇ ಶಾಲೆಗೆ ಸೇರಿದ್ದ ಹುಡುಗಿ. ತಂದೆ ತಾಯಿ ಬಾಗಲಕೋಟೆ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದವರು. ಅಲ್ಲಿಯವರೆಗೆ ಅವಳು ನನ್ನ ತರಗತಿಯಲ್ಲಿ ಕೈ ಎತ್ತಿದ್ದೇ ಇಲ್ಲ.

"ಚಂಡು ಒಗದ್ರಿ, ಟೀಚರ್."

ತರಗತಿ ನಕ್ಕಿತು. "ಬಾಲ್ ಒಗೆಯುವುದಾ? ಸೋಪು ಬೇಡ್ವಾ?" ಎಂದು ಒಬ್ಬ ಕೇಳಿದ. ಇನ್ನಷ್ಟು ನಗು. ನಾನೂ ನಕ್ಕೆ. ಆಮೇಲೆ, ಬಹಳ ಪ್ರೀತಿಯಿಂದಲೇ ಎಂದು ಆಗ ಅಂದುಕೊಂಡಿದ್ದೆ, "ಒಗೆಯುವುದು ಬಟ್ಟೆಯನ್ನು, ಚೆಂಡನ್ನಲ್ಲ, ಅಲ್ವಾ? ಕೂತುಕೋ" ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಸಿಕ್ಕಿದ ಸಂದರ್ಭವನ್ನು ಬಳಸಿಕೊಳ್ಳಬೇಕು ಎಂದು ಸೂಕ್ಷ್ಮಬೋಧನೆಯಲ್ಲಿ ಕಲಿತಿದ್ದೆವಲ್ಲ. ಕರಿಹಲಗೆಯ ಮೂಲೆಯಲ್ಲಿ ವಾಷ್, ಸಮಚಿಹ್ನೆ, ಒಗೆ ಎಂದು ಬರೆದು ಆ ಹುಡುಗಿಯಿಂದಲೇ ಎರಡು ಸಲ ಹೇಳಿಸಿದೆ. ಅವಳು ಹೇಳಿದಳು. ಅವಧಿ ಮುಗಿಯುವವರೆಗೆ ಮತ್ತೆ ತಲೆ ಎತ್ತಲಿಲ್ಲ. ವೀಕ್ಷಣಾ ಪತ್ರದಲ್ಲಿ 'ವಿದ್ಯಾರ್ಥಿಗಳ ತಪ್ಪನ್ನು ತಿದ್ದುವ ಕ್ರಮ' ಎಂಬುದರ ಮುಂದೆ ನನಗೆ ಐದರಲ್ಲಿ ನಾಲ್ಕು ಅಂಕ ಬಿದ್ದಿತ್ತು.

ಸಂಜೆ ಸ್ಟೇಟ್ ಬ್ಯಾಂಕ್ ಕಡೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತದ್ದು ಹಾಸ್ಟೆಲಿನಲ್ಲಿರುವ ಧಾರವಾಡದ ಗೆಳತಿ. ಹಿಂದಿನ ಬೆಂಚಿನಲ್ಲಿ ಪಾಠ ವೀಕ್ಷಿಸಿದವಳು. ಹಂಪನಕಟ್ಟೆ ದಾಟುವವರೆಗೆ ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಅಕಿ ಏನ್ ತಪ್ಪ ಹೇಳಿದ್ಲು? ನಮ್ಮ ಕಡೆ ಚಂಡೂ ಒಗಿತಾರ, ಕಲ್ಲೂ ಒಗಿತಾರ, ಅರಿಬೀನೂ ಒಗಿತಾರ." ಸ್ವಲ್ಪ ಹೊತ್ತಿನ ಬಳಿಕ ಮತ್ತೆ: "ನೀ ನಕ್ಕಿದ್ದು ನನಗ ಬ್ಯಾಸರಾತು."

ನನಗೆ ಉತ್ತರ ತೋಚಲಿಲ್ಲ. ಕನ್ನಡದಲ್ಲಿ ಪದವಿ ಮಾಡಿದವಳು ನಾನು. ಹಳಗನ್ನಡದಲ್ಲಿ 'ಎಸು' ಎಂದರೆ ಬಾಣ ಬಿಡು, ಅದರ ಭೂತಕಾಲ 'ಎಚ್ಚ' ಎಂದು ಪರೀಕ್ಷೆಯಲ್ಲಿ ಬರೆದಿದ್ದೇನೆ. 'ಎಸೆ' ಎಂಬುದಕ್ಕೆ ಹಳೆಯ ಕಾವ್ಯದಲ್ಲಿ ಶೋಭಿಸು ಎಂಬ ಅರ್ಥವೂ ಇದೆ ಎಂದು ಗೊತ್ತು. 'ಬಿಸುಡು' ಸವೆದು 'ಬಿಸಾಡು' ಆದದ್ದು ಗೊತ್ತು. ಸಾವಿರ ವರ್ಷ ಹಿಂದಿನ ಕನ್ನಡ ತಿಳಿದಿತ್ತು. ನಾನೂರು ಕಿಲೋಮೀಟರ್ ಆಚೆಯ ಕನ್ನಡ ತಿಳಿದಿರಲಿಲ್ಲ. 'ಒಗೆ'ಯ ಎರಡು ಅರ್ಥಗಳ ಮೂಲ ಒಂದೇ ಹೌದೋ ಅಲ್ಲವೋ ಎಂಬುದನ್ನು ಭಾಷಾಶಾಸ್ತ್ರದವರಿಗೆ ಬಿಡುತ್ತೇನೆ. ಆದರೆ ಒಗೆಯುವ ಕಲ್ಲಿನ ಮುಂದೆ ನಿಂತು, ಒದ್ದೆ ಬಟ್ಟೆಯನ್ನು ತಲೆಯ ಮೇಲಕ್ಕೆತ್ತಿ ಕಲ್ಲಿಗೆ ಅಪ್ಪಳಿಸುವವರನ್ನು ಒಮ್ಮೆ ನೋಡಿದರೆ ಆ ಹುಡುಗಿಯ ಮಾತಿನಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ.

ಆ ವಾರಾಂತ್ಯ ದೊಡ್ಡಮ್ಮನ ಮಗಳ ಫೋನು ಬಂತು. ಅಕ್ಕ ರಷ್ಯಾದ ಕಜಾನ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಇಲ್ಲಿ ರಾತ್ರಿ ಹತ್ತು ಗಂಟೆಯಾದರೆ ಅಲ್ಲಿ ಏಳೂವರೆ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಆದರೆ ಆಸ್ಪತ್ರೆಯ ವಾರ್ಡಿಗೆ ಹೋದರೆ ರೋಗಿಗಳು ರಷ್ಯನ್‌ನಲ್ಲಿಯೇ ಮಾತಾಡುತ್ತಾರೆ. ಹಾಗಾಗಿ ಅವಳೂ ಒಂದು ರೀತಿಯಲ್ಲಿ ಭಾಷೆ ಕಲಿಯುವ ಮಗುವೇ. ನನ್ನ ಪಾಠದ ಕಥೆ ಹೇಳಿದೆ. ಅವಳು ನಗಲಿಲ್ಲ. "ನನಗೂ ಇದೇ ಪದದಲ್ಲಿ ಮರ್ಯಾದೆ ಹೋಗಿತ್ತು ಮಾರಾಯ್ತಿ" ಎಂದಳು.

ರಷ್ಯನ್ ಕಲಿಯುವ ಆರಂಭದಲ್ಲಿ ಇವಳೂ ಪದಪಟ್ಟಿ ಮಾಡಿಕೊಂಡಿದ್ದಳು: ಥ್ರೋ, ಸಮಚಿಹ್ನೆ, 'ಬ್ರಸಾತ್'. ಒಂದು ದಿನ ವಾರ್ಡಿನಲ್ಲಿ ವಯಸ್ಸಾದ ರೋಗಿಯೊಬ್ಬರಿಗೆ ಸಿಗರೇಟು ಸೇದುತ್ತೀರಾ ಎಂದು ಕೇಳಿದಳು. ಅವರು ಒಂದೇ ಪದದಲ್ಲಿ ಉತ್ತರ ಕೊಟ್ಟರು: "ಬ್ರೋಸಿಲ್." ಅಂದರೆ 'ಎಸೆದೆ'. ಏನನ್ನು ಎಸೆದಿರಿ, ಎಲ್ಲಿಗೆ ಎಸೆದಿರಿ ಎಂಬ ಮುಂದಿನ ಮಾತಿಗಾಗಿ ಅಕ್ಕ ಪೆನ್ನು ಹಿಡಿದು ಕಾದಳು. ಏನೂ ಬರಲಿಲ್ಲ. ವಾರ್ಡಿನ ಒಳಗೆ ಬರುವ ಮುಂಚೆ ಕೈಯಲ್ಲಿದ್ದ ಸಿಗರೇಟನ್ನು ಎಸೆದು ಬಂದಿರಬೇಕು ಎಂದುಕೊಂಡು, ಈಗಲೂ ಧೂಮಪಾನಿ ಎಂದು ಬರೆದಳು. ಹಿರಿಯ ವಿದ್ಯಾರ್ಥಿನಿಯೊಬ್ಬಳು ನೋಡಿ ಹೊಡೆದುಹಾಕಿದಳು. ರಷ್ಯನ್‌ನಲ್ಲಿ ಸಿಗರೇಟು 'ಎಸೆಯುವುದು' ಎಂದರೆ ಚಟ ಬಿಡುವುದು. ಆ ಅಜ್ಜ ಎಷ್ಟೋ ವರ್ಷದ ಹಿಂದೆಯೇ ಬಿಟ್ಟಿದ್ದರು.

ಅದೂ ಅಲ್ಲಿಗೆ ಮುಗಿಯುವುದಿಲ್ಲವಂತೆ. ರಷ್ಯನ್‌ನ ಹೆಚ್ಚಿನ ಕ್ರಿಯಾಪದಗಳು ಜೋಡಿಯಾಗಿ ಬದುಕುತ್ತವೆ. 'ಬ್ರಸಾತ್' ಎಂದರೆ ಎಸೆಯುತ್ತಿರುವುದು ಅಥವಾ ಮತ್ತೆ ಮತ್ತೆ ಎಸೆಯುವುದು. 'ಬ್ರೋಸಿತ್' ಎಂದರೆ ಒಮ್ಮೆ ಎಸೆದು ಮುಗಿಸುವುದು. ರೋಗಿ 'ಬ್ರೋಸಿಲ್' ಎಂದರೆ ಬಿಟ್ಟುಬಿಟ್ಟಿದ್ದಾನೆ. ಅದೇ ರೋಗಿ ಮೂರು ಸಲ 'ಬ್ರಸಾಲ್' ಎಂದರೆ ಮೂರು ಸಲ ಬಿಟ್ಟು, ಪ್ರತಿ ಸಲವೂ ಪುನಃ ಶುರುಮಾಡಿದ್ದಾನೆ ಎಂದು ತಿಳಿಯಬೇಕು. ಒಂದು ಸ್ವರದ ವ್ಯತ್ಯಾಸದಲ್ಲಿ ಒಬ್ಬನ ಶ್ವಾಸಕೋಶದ ಚರಿತ್ರೆ. ನಮಗೆ ಇದು ಅಷ್ಟು ಅಪರಿಚಿತವಲ್ಲ ಎಂದು ಆಮೇಲೆ ಹೊಳೆಯಿತು. ನಾವು 'ಬಿಟ್ಟೆ' ಎನ್ನುವುದಕ್ಕೂ 'ಬಿಟ್ಟುಬಿಟ್ಟೆ' ಎನ್ನುವುದಕ್ಕೂ, 'ಎಸೆದೆ' ಎನ್ನುವುದಕ್ಕೂ 'ಎಸೆದುಬಿಟ್ಟೆ' ಎನ್ನುವುದಕ್ಕೂ ವ್ಯತ್ಯಾಸ ಮಾಡುತ್ತೇವೆ. ಎಸೆದುಬಿಟ್ಟ ವಸ್ತು ವಾಪಸು ಬರುವುದಿಲ್ಲ. ಇಂಗ್ಲಿಷಿನ 'ಥ್ರೂ' ಎಂಬ ಭೂತಕಾಲದ ಒಂದೇ ರೂಪ ಎರಡನ್ನೂ ಹೊತ್ತುಕೊಂಡು ತಿರುಗುತ್ತದೆ.

ಅಕ್ಕನಿಗೆ ಉತ್ಸಾಹ ಬಂದಿತ್ತು. ಮಾತಿನಲ್ಲಿ ಸಾಮಾನ್ಯವಾಗಿ ಬಳಸುವುದು 'ಕಿದಾತ್', ಸಿಟ್ಟಿನಿಂದ ರಭಸವಾಗಿ ಎಸೆದರೆ 'ಶ್ವಿರ್ಯಾತ್', ಕಸವನ್ನು ಹೊರಗೆ ಬಿಸಾಡಿದರೆ ಮುಂದೆ ಒಂದು ಉಪಸರ್ಗ ಸೇರಿ 'ವೀಬ್ರಸಿತ್', ಮತ್ತೊಂದು ಉಪಸರ್ಗ ಸೇರಿ 'ಪದ್ಬ್ರೋಸಿತ್' ಆದರೆ ಮೇಲಕ್ಕೆ ಚಿಮ್ಮಿಸುವುದು, ಜೊತೆಗೆ ಕಾರಿನಲ್ಲಿ ದಾರಿಯ ಮಧ್ಯೆ ಯಾರನ್ನಾದರೂ ಕರೆದುಕೊಂಡು ಹೋಗಿ ಬಿಡುವುದೂ ಹೌದು. ಕ್ರೀಡೆಯಲ್ಲಿ ಭರ್ಜಿಗೂ ಚಕ್ರಕ್ಕೂ 'ಮೆತಾತ್' ಎಂಬ ಬೇರೆಯದೇ ಕ್ರಿಯಾಪದ. ಮೀನು ಮೊಟ್ಟೆ ಇಡುವುದಕ್ಕೂ ಅದೇ. ಆದರೆ ಗುಂಡಿಗೆ ಮಾತ್ರ ಅದು ನಡೆಯುವುದಿಲ್ಲ, ಗುಂಡನ್ನು ಅಲ್ಲಿ 'ತಳ್ಳುತ್ತಾರೆ'. ಇಂಗ್ಲಿಷಿನಲ್ಲೂ ಅದು ಥ್ರೋ ಅಲ್ಲ, ಪುಟ್. ನಮ್ಮ ಕ್ರೀಡಾಕೂಟದ ಮೈಕಿನಲ್ಲಿ ಮಾತ್ರ ಚಕ್ರ ಎಸೆತ, ಭರ್ಜಿ ಎಸೆತ, ಗುಂಡು ಎಸೆತ ಎಲ್ಲವೂ ಎಸೆತವೇ. ಭುಜದಿಂದ ತಳ್ಳುವುದನ್ನು ಬಿಟ್ಟು ನಿಜವಾಗಿಯೂ ಎಸೆಯಲು ಹೋದರೆ ಆ ಪ್ರಯತ್ನ ನಿಯಮಬಾಹಿರ!

ಕ್ರಿಕೆಟಿನ ಕಥೆ ಇನ್ನೂ ತಮಾಷೆ. ನಮ್ಮ ಪತ್ರಿಕೆಗಳಲ್ಲಿ ಬ್ಯಾಟರ್ 20 ಎಸೆತಗಳಲ್ಲಿ 45 ರನ್ ಹೊಡೆಯುತ್ತಾನೆ. ಬೌಲರ್ ಹಾಕುವ ಪ್ರತಿ ಚೆಂಡೂ ಕನ್ನಡದಲ್ಲಿ ಎಸೆತ. ಇಂಗ್ಲಿಷಿನಲ್ಲಿ ಬೌಲರ್ ಥ್ರೋ ಮಾಡಿದ ಎಂದರೆ ಅದು ಆರೋಪ. ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಬಾರದು ಎಂಬ ಮಿತಿ ಇರುವುದೇ ಅದಕ್ಕೆ. 1995ರ ಮೆಲ್ಬರ್ನ್ ಟೆಸ್ಟಿನಲ್ಲಿ ಮುತ್ತಯ್ಯ ಮುರಳೀಧರನ್ ಅವರ ಬೌಲಿಂಗನ್ನು ಅಂಪೈರ್ ನೋಬಾಲ್ ಎಂದು ಕರೆದದ್ದೂ ಥ್ರೋ ಮಾಡುತ್ತಾರೆ ಎಂಬ ಕಾರಣಕ್ಕೆ. ಅಂದರೆ ಕರಿಹಲಗೆಯ ಮೇಲೆ ನಾನು ಎಳೆದ ಸಮಚಿಹ್ನೆ, ಮಕ್ಕಳು ಅತಿ ಹೆಚ್ಚು ನೋಡುವ ಆಟದಲ್ಲಿಯೇ ಸುಳ್ಳು.

ಸೋಮವಾರ ಕಾಲೇಜಿನ ಗ್ರಂಥಾಲಯಕ್ಕೆ ಹೋದೆ. ಈ ಊರಿನಲ್ಲಿ ಕುಳಿತು ನಿಘಂಟಿನ ಬಗ್ಗೆ ಅಜ್ಞಾನ ತೋರಿಸುವುದು ಸ್ವಲ್ಪ ನಾಚಿಕೆಯ ಸಂಗತಿಯೇ. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದದ್ದು ಮಂಗಳೂರಿನ ಬಾಸೆಲ್ ಮಿಷನ್‌ನಿಂದ. ಅದಕ್ಕೂ ಮೊದಲು 1886ರಲ್ಲಿ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು ಇಲ್ಲಿಂದಲೇ ಬಂತು. ಇಬ್ಬರೂ ಹೊರಟದ್ದು ಇಲ್ಲಿನ ಜನರ ಬಾಯಲ್ಲಿದ್ದ ಪದದಿಂದ, ಇಂಗ್ಲಿಷ್ ಆಮೇಲೆ. ನಮ್ಮ ಪಾಠಯೋಜನೆಗಳು ಹೊರಡುವುದು ಇಂಗ್ಲಿಷ್ ಪದದಿಂದ, ಹುಡುಕುವುದು ಒಂದೇ ಒಂದು ಕನ್ನಡ ಪದವನ್ನು, ಸಿಕ್ಕಿದ ಕೂಡಲೇ ನಿಲ್ಲಿಸುವುದು. ಇಂಗ್ಲಿಷ್ ನಿಘಂಟು ತೆರೆದರೆ ಅಲ್ಲಿಯೂ ಬೆರಗು ಕಾದಿತ್ತು: ಥ್ರೋ ಎಂಬ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಇದ್ದ ಅರ್ಥ ತಿರುಗಿಸು, ತಿರುಚು ಎಂದು. ಕುಂಬಾರ ತಿಗರಿಯಲ್ಲಿ ಮಡಕೆ ಮಾಡುವುದಕ್ಕೆ ಇಂಗ್ಲಿಷಿನವರು ಈಗಲೂ ಥ್ರೋ ಎನ್ನುವುದು ಆ ಹಳೆಯ ಅರ್ಥದ ಉಳಿಕೆ.

ಕನ್ನಡದ ಕಡೆ ಪಟ್ಟಿ ಮಾಡಲು ಕುಳಿತರೆ ಹಾಳೆ ಸಾಲಲಿಲ್ಲ. ಚೆಂಡು ಎಸೆಯುತ್ತೇವೆ, ಕಸ ಬಿಸಾಡುತ್ತೇವೆ, ನೀರು ಚೆಲ್ಲುತ್ತೇವೆ, ಬಣ್ಣ ಎರಚುತ್ತೇವೆ, ಬತ್ತ ತೂರುತ್ತೇವೆ, ನಗೆ ಬೀರುತ್ತೇವೆ, ಮತ ಹಾಕುತ್ತೇವೆ, ಲಂಗರೂ ಹಾಕುತ್ತೇವೆ. ಬೋಳಾರದ ಕಡೆ ಹೊಳೆಗೆ ಬಲೆ ಬೀಸುತ್ತಾರೆ. ಬಲೆಯನ್ನು ಎಸೆದರು ಎಂದರೆ ಬಲೆ ಹರಿದುಹೋಗಿರಬೇಕು. ವಿಷಯದ ಮೇಲೆ ಬೆಳಕನ್ನೂ ಚೆಲ್ಲುತ್ತೇವೆ. ಜಗಳವಾದರೆ ಕಲ್ಲು ಹೊಡೆಯುತ್ತಾರೆ, ಮರುದಿನ ಪತ್ರಿಕೆಯಲ್ಲಿ ಅದು ಕಲ್ಲು ತೂರಾಟವಾಗುತ್ತದೆ. ಇಷ್ಟಕ್ಕೆಲ್ಲ ಇಂಗ್ಲಿಷಿನಲ್ಲಿ ಥ್ರೋ ಮತ್ತು ಕಾಸ್ಟ್ ಎರಡೇ ಪದಗಳು ಬಹುಮಟ್ಟಿಗೆ ಸಾಕು. ನಮ್ಮ ಮಕ್ಕಳಿಗೆ ಥ್ರೋ ಕಷ್ಟವಾಗುವುದು ಅವರಿಗೆ ಪದ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ.

ತರಗತಿಯ ಶಿಕ್ಷಕಿಯನ್ನು ಕೇಳಿಕೊಂಡು ಅದೇ ಪಾಠವನ್ನು ಪುನಃ ಮಾಡಲು ಒಂದು ಅವಧಿ ಪಡೆದೆ. ಈ ಸಲ ಶುರುವಿನಲ್ಲಿಯೇ ಹೇಳಿದೆ: "ಹೋದ ವಾರ ನಾನು ಒಂದು ಸರಿ ಉತ್ತರವನ್ನು ತಪ್ಪು ಎಂದಿದ್ದೆ. ಒಗೆ ಎಂದರೆ ಎಸೆ ಎಂದೂ ಆಗುತ್ತದೆ. ಅದು ನನಗೆ ಗೊತ್ತಿರಲಿಲ್ಲ." ಹುಡುಗಿ ಪುಸ್ತಕವನ್ನೇ ನೋಡುತ್ತಿದ್ದಳು. ಸೋಪಿನ ಮಾತಾಡಿದ್ದ ಹುಡುಗ ಎದ್ದು ಕೇಳಿದ: "ಅವಳದ್ದೂ ಕನ್ನಡವಾ ಟೀಚರ್?"

ಹೌದು ಎಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ. ಅವನ ಮನೆಮಾತು ತುಳು. ಹಾಗಾದರೆ ನಿನ್ನದನ್ನು ಹೇಳು ಎಂದೆ. "ದಕ್ಕ್." ಕರಿಹಲಗೆಯ ಮೇಲೆ ಬರೆದೆ. ಕೊಂಕಣಿಯ ಹುಡುಗಿ "ಉಡಯ್" ಎಂದಳು, ಬರೆದೆ. ಹಿಂದಿನಿಂದ ಬ್ಯಾರಿ ಮಾತಿನ ಪದ ಬಂತು. ಹಿಂದಿಯವನೊಬ್ಬ "ಫೇಂಕೋ" ಎಂದ. 'ಬಿಸಾಡು' ಎಂಬುದನ್ನೂ ಬರೆದೆ, ಹಿಂದಿನ ವಾರ ಅದನ್ನೂ ಅಳಿಸಿದ್ದೆನಲ್ಲ. 'ಒಗೆ'ಯನ್ನು ಬರೆಯುವಾಗ ಹುಡುಗಿಯ ಕಡೆ ನೋಡಿ, ನಿಮ್ಮೂರಿನಲ್ಲಿ ಹೇಗೆ ಹೇಳುತ್ತಾರೆ, ಒಗೆ ಎಂದೋ ಒಗಿ ಎಂದೋ ಎಂದು ಕೇಳಿದೆ. "ಒಗಿ" ಎಂದಳು, ಮೆಲ್ಲಗೆ. ಇಕಾರ ಹಾಕಿದೆ. ಆ ಪದಗಳ ಮಧ್ಯದಲ್ಲಿ ಥ್ರೋ ಎಂದು ಬರೆದೆ, ಸಮಚಿಹ್ನೆ ಹಾಕಲಿಲ್ಲ.

ಆಮೇಲೆ 'ಟು' ಮತ್ತು 'ಅಟ್'. ಥ್ರೋ ದ ಬಾಲ್ ಟು ಹರ್ ಎಂದರೆ ಅವಳು ಹಿಡಿಯಲಿ ಎಂದು. ಅಟ್ ಹರ್ ಎಂದರೆ ಅವಳಿಗೆ ತಾಗಲಿ ಎಂದು. ಇದನ್ನು ಅನುವಾದದಲ್ಲಿ ಹೇಳಲು ಹೋದರೆ ನಾಲಿಗೆ ತೊಡರುತ್ತದೆ, ಏಕೆಂದರೆ ನಾವು ವಿಭಕ್ತಿಯನ್ನು ಬದಲಿಸದೆ ಕ್ರಿಯಾಪದವನ್ನೇ ಬದಲಿಸುತ್ತೇವೆ: ಅವಳಿಗೆ ಬಾಲ್ ಹಾಕು, ಅವಳಿಗೆ ಬಾಲ್ ಹೊಡೆ. ಎರಡರಲ್ಲೂ 'ಅವಳಿಗೆ'. ಅಕ್ಕ ಹೇಳಿದ ಪ್ರಕಾರ ರಷ್ಯನ್‌ನಲ್ಲಿ ಕ್ರಿಯಾಪದ ಅದೇ ಉಳಿದು, ಹಿಡಿಯುವವಳಿಗೆ ಚತುರ್ಥಿಯೂ ತಾಗಿಸಿಕೊಳ್ಳುವವಳಿಗೆ ಬೇರೆ ಅವ್ಯಯ, ಬೇರೆ ವಿಭಕ್ತಿಯೂ ಬರುತ್ತದೆ. ನಾನು ವಿವರಿಸಲು ಹೋಗಲಿಲ್ಲ, ಕಾಗದದ ಉಂಡೆ ಮಾಡಿ ಆಡಿಸಿದೆ. ಎರಡು ನಿಮಿಷದಲ್ಲಿ ಎಲ್ಲರಿಗೂ ಅರ್ಥವಾಯಿತು. 'ಅಟ್' ಸ್ವಲ್ಪ ಜಾಸ್ತಿಯೇ ಅರ್ಥವಾಗಿ, ಒಂದು ಉಂಡೆ ನನ್ನ ಕನ್ನಡಕಕ್ಕೆ ಬಿತ್ತು.

ಈ ಪಾಠಕ್ಕೆ ಬಂದ ಅಂಕ ಮೊದಲಿನದಕ್ಕಿಂತ ಕಡಿಮೆ. ಉಪನ್ಯಾಸಕರ ಟಿಪ್ಪಣಿ ನ್ಯಾಯವಾಗಿಯೇ ಇತ್ತು: ಇಂಗ್ಲಿಷ್ ಅವಧಿಯಲ್ಲಿ ಇತರ ಭಾಷೆಗಳಿಗೆ ಹೋದ ಸಮಯ ಹೆಚ್ಚು, ಭೂತಕಾಲದ ರೂಪದ ಅಭ್ಯಾಸ ಆಗಿಲ್ಲ. ಘಟಕ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 'ಥ್ರೋಡ್' ಎಂದು ಬರೆದಾಗ ಅವರ ಮಾತು ನಿಜವೆಂದು ಗೊತ್ತಾಯಿತು. ಐದು ಭಾಷೆಯ ಪದ ಬರೆಯುವುದರಲ್ಲಿ ಮುಳುಗಿ, ಇಂಗ್ಲಿಷಿನಲ್ಲಿ ಅವರಿಗೆ ಬೇಕಾದ ಒಂದು ರೂಪವನ್ನು ನಾನು ಮರೆತಿದ್ದೆ. ಅದನ್ನು ಇನ್ನೊಂದು ಅವಧಿಯಲ್ಲಿ ತಿದ್ದಿದೆ. ಸಮಯದ ಪ್ರಶ್ನೆಗೆ ನನ್ನಲ್ಲಿ ಈಗಲೂ ಪೂರ್ಣ ಉತ್ತರ ಇಲ್ಲ. ಪ್ರತಿ ಪದಕ್ಕೂ ಹೀಗೆ ಮಾಡಿದರೆ ಪಠ್ಯ ಮುಗಿಯದು. ಆದರೆ ಪಾಠಯೋಜನೆಯಲ್ಲಿ 'ನಿರೀಕ್ಷಿತ ಉತ್ತರ'ದ ಕೆಳಗೆ 'ಬರಬಹುದಾದ ಬೇರೆ ಉತ್ತರ' ಎಂದು ಒಂದು ಗೆರೆ ಎಳೆಯಲು ಸಮಯ ಬೇಕಾಗಿಲ್ಲ. ಆ ಬಳಿಕದ ಎಲ್ಲ ಪಾಠಗಳಲ್ಲಿ ಆ ಗೆರೆ ಎಳೆದೆ. ಹೆಚ್ಚಿನ ಸಲ ಅದು ಖಾಲಿಯೇ ಉಳಿಯಿತು, ಏಕೆಂದರೆ ಕೊಠಡಿಯಲ್ಲಿ ಯಾವ ಯಾವ ಮಾತಿನ ಮಕ್ಕಳಿದ್ದಾರೆ ಎಂಬುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಹಾಜರಿ ಪುಸ್ತಕ ನೋಡಿ, ಶಿಕ್ಷಕಿಯನ್ನು ಕೇಳಿ ಪಟ್ಟಿ ಮಾಡಿಕೊಂಡದ್ದು ಐದನೆಯ ವಾರದಲ್ಲಿ. ಮೊದಲ ದಿನ ಮಾಡಬೇಕಾದ ಕೆಲಸ.

ಹುಡುಗಿ ಆಮೇಲೆ ಕೈ ಎತ್ತಿದಳೇ ಎಂದು ಗೆಳತಿ ಕೇಳುತ್ತಿದ್ದಳು. ಇಲ್ಲ. ಕೇಳಿದರೆ ಉತ್ತರ ಹೇಳುತ್ತಿದ್ದಳು, ತಾನಾಗಿ ಕೈ ಎತ್ತಲಿಲ್ಲ. ಅಕ್ಕ ಫೋನಿನಲ್ಲಿ ಇನ್ನೊಂದು ಮಾತು ಹೇಳಿದ್ದಳು: ರಷ್ಯನ್‌ನಲ್ಲಿ ಶಾಲೆಯನ್ನು 'ಎಸೆಯುವುದು' ಎಂದರೆ ಓದನ್ನು ಅರ್ಧಕ್ಕೆ ಬಿಡುವುದು. ಕಟ್ಟಡದ ಕೆಲಸ ಮುಗಿದ ಕೂಡಲೇ ಕುಟುಂಬಗಳು ಊರು ಬದಲಿಸುತ್ತವೆ, ಮಕ್ಕಳ ಹೆಸರು ಹಾಜರಿಯಲ್ಲಿ ಉಳಿದು ಬೆಂಚು ಖಾಲಿಯಾಗುತ್ತದೆ ಎಂದು ಶಿಕ್ಷಕಿ ಹೇಳಿದ ದಿನ ನನಗೆ ಆ ಮಾತು ನೆನಪಾಯಿತು.

ಬೋಧನಾಭ್ಯಾಸದ ಕೊನೆಯ ದಿನ ಮಕ್ಕಳಿಗೆ ಸಿಹಿ ಹಂಚಿ, ವರದಿಗೆ ಮುಖ್ಯ ಶಿಕ್ಷಕರ ಸಹಿ ಪಡೆಯಲು ಕಚೇರಿಯ ಹೊರಗೆ ಕಾಯುತ್ತಿದ್ದೆ. ಅಂಗಳದಲ್ಲಿ ಹುಡುಗಿಯರು ಥ್ರೋಬಾಲ್ ಆಡುತ್ತಿದ್ದರು. ಆ ಹುಡುಗಿಯೂ ಒಂದು ಕಡೆಯ ತಂಡದಲ್ಲಿದ್ದಳು. ಚೆಂಡು ಇನ್ನೊಬ್ಬಳ ಕೈಗೆ ಸಿಕ್ಕಿತ್ತು, ಎದುರು ತಂಡದ ಮೂಲೆ ಖಾಲಿ ಇತ್ತು. "ಒಗಿ, ಒಗಿ, ಲಗೂನ ಒಗಿ!" ಎಂದು ಇವಳು ಕಿರುಚಿದಳು. ಪಕ್ಕದಲ್ಲಿದ್ದ ಮೂವರು ಹುಡುಗಿಯರೂ ಸೇರಿಕೊಂಡರು: "ಒಗಿ! ಒಗಿ!" ಅವರು ಅಣಕಿಸುತ್ತಿದ್ದರೋ, ಆಟದ ಬಿಸಿಯಲ್ಲಿ ಬಾಯಿಗೆ ಬಂದ ಪದ ಹೇಳುತ್ತಿದ್ದರೋ, ಕಚೇರಿಯ ಜಗಲಿಯಲ್ಲಿ ನಿಂತಿದ್ದ ನನಗೆ ತಿಳಿಯಲಿಲ್ಲ. ಚೆಂಡು ಮಾತ್ರ ಆ ಮೂಲೆಗೇ ಬಿತ್ತು.